ಸಣ್ಣ ಟ್ರ್ಯಾಕ್ಟರಿನ ಎಂಜಿನ್ ಇಳಿಸುವ ಮುನ್ನ



ಗಡಿನಾಡಿನ ನಮ್ಮ ತೋಟ ಗದ್ದೆಗಳಲ್ಲಿ ನೊಗ ಹೊತ್ತ ಎತ್ತು ಕೋಣಗಳನ್ನು ಕಾಣುವುದು ಈಗ ಅಪರೂಪ. ಅವುಗಳ ಜಾಗಕ್ಕೆ ಮೊದಲು ಪವರ್ ಟಿಲ್ಲರ್ ಬಂತು, ಆ ಮೇಲೆ ಸಣ್ಣ ಟ್ರ್ಯಾಕ್ಟರ್ ಬಂತು. ಒಂಬತ್ತು ಅಡಿ ಅಂತರದಲ್ಲಿ ನೆಟ್ಟ ಅಡಿಕೆ ಸಾಲುಗಳ ನಡುವೆ ದೊಡ್ಡ ಟ್ರ್ಯಾಕ್ಟರ್ ತಿರುಗುವುದು ಕಷ್ಟ. 15ರಿಂದ 27 ಅಶ್ವಶಕ್ತಿಯ ಕಿರು ಯಂತ್ರಕ್ಕೆ ಅದು ಸುಲಭ. ಗೊಬ್ಬರ ಸಾಗಿಸುವುದಕ್ಕೂ, ಏಣೆಲು ಗದ್ದೆಯ ಉಳುಮೆಗೂ, ಮದ್ದು ಬಿಡುವ ಪಂಪಿಗೂ ಅದೇ ಆಧಾರ.

ಹೀಗೆ ಕೆಲವು ವರ್ಷ ದುಡಿದ ಮೇಲೆ ಯಂತ್ರ ಹೊಗೆ ಉಗುಳತೊಡಗುತ್ತದೆ, ಎಣ್ಣೆ ಕುಡಿಯುತ್ತದೆ ಅಥವಾ ಏರು ಹತ್ತುವಾಗ ಕ್ಲಚ್ ಜಾರುತ್ತದೆ. ಮೆಕ್ಯಾನಿಕ್ ಬಂದು ನೋಡಿ, "ಎಂಜಿನ್ ಇಳಿಸಬೇಕು" ಎನ್ನುತ್ತಾರೆ. ಕೆಲಸ ನಡೆಯುವುದು ಹೆಚ್ಚಾಗಿ ನಮ್ಮ ಮನೆಯಂಗಳದಲ್ಲಿಯೇ. ಕೈ ಕೊಡಲು ನೆರೆಮನೆಯವರು ಬರುತ್ತಾರೆ. "ಸ್ವಲ್ಪ ಕೆಳಗಿನಿಂದ ಹಿಡಿಯಿರಿ" ಎಂದರೆ ದಾಕ್ಷಿಣ್ಯಕ್ಕೆ ಯಾರೂ ಬೇಡವೆನ್ನುವುದಿಲ್ಲ. ಅಪಾಯ ಇರುವುದು ಅಲ್ಲಿಯೇ. ಈ ಪಾಠವನ್ನು ಓದಿ ನಾವೆಲ್ಲ ಮೆಕ್ಯಾನಿಕರಾಗಬೇಕೆಂದಿಲ್ಲ. ಆದರೆ ಕೆಲಸ ಸರಿಯಾದ ಕ್ರಮದಲ್ಲಿ ನಡೆಯುತ್ತಿದೆಯೇ ಎಂದು ನೋಡಿ ತಿಳಿಯುವಷ್ಟು, ತಪ್ಪುವಾಗ "ನಿಲ್ಲಿಸಿ" ಎನ್ನುವಷ್ಟು ಜ್ಞಾನ ಯಜಮಾನನಿಗೂ ಮನೆಯವರಿಗೂ ಬೇಕು.

ಎಂಜಿನೇ ಬೆನ್ನೆಲುಬು

ಜೀಪು, ಲಾರಿಗಳಲ್ಲಿ ಎಂಜಿನ್ ಚಾಸಿಯ ಮೇಲೆ ಕುಳಿತಿರುತ್ತದೆ. ಅದನ್ನು ಎತ್ತಿ ತೆಗೆದರೂ ಗಾಡಿ ನಾಲ್ಕು ಚಕ್ರಗಳ ಮೇಲೆ ನಿಂತೇ ಇರುತ್ತದೆ. ಹೆಚ್ಚಿನ ಟ್ರ್ಯಾಕ್ಟರುಗಳಲ್ಲಿ ಹಾಗಲ್ಲ. 1917ರಲ್ಲಿ ಅಮೆರಿಕದಲ್ಲಿ ಹೆನ್ರಿ ಫೋರ್ಡ್ ಹೊರತಂದ ಫೋರ್ಡ್‌ಸನ್ ಟ್ರ್ಯಾಕ್ಟರಿಗೆ ಪ್ರತ್ಯೇಕ ಚಾಸಿಯೇ ಇರಲಿಲ್ಲ. ಎಂಜಿನ್, ಗೇರ್ ಬಾಕ್ಸ್, ಹಿಂದಿನ ಆಕ್ಸಲ್ ಇವುಗಳ ಎರಕದ ಪೆಟ್ಟಿಗೆಗಳನ್ನು ಒಂದಕ್ಕೊಂದು ಬೋಲ್ಟ್ ಹಾಕಿ ಬಿಗಿದರೆ ಅದೇ ಟ್ರ್ಯಾಕ್ಟರಿನ ಶರೀರ. ಖರ್ಚು ಕಡಿಮೆ, ಗಟ್ಟಿತನ ಹೆಚ್ಚು ಎಂಬ ಕಾರಣಕ್ಕೆ ಆ ಪದ್ಧತಿ ಜಗತ್ತಿನಲ್ಲೆಲ್ಲ ಹರಡಿತು. ನಮ್ಮ ಹಲವು ಸಣ್ಣ ಟ್ರ್ಯಾಕ್ಟರುಗಳೂ ಅದೇ ಜಾತಿಯವು. ಕೆಲವದರಲ್ಲಿ ಮಾತ್ರ ಎಂಜಿನಿನ ಎರಡೂ ಬದಿಯಲ್ಲಿ ಕಬ್ಬಿಣದ ಪಟ್ಟಿಗಳು ಹಾದುಹೋಗಿ ಮುಂದಿನ ಆಕ್ಸಲನ್ನು ಹಿಡಿದುಕೊಂಡಿರುತ್ತವೆ. ನಮ್ಮದು ಯಾವ ರೀತಿಯದೆಂದು ಮೊದಲು ಬಗ್ಗಿ ನೋಡಿಕೊಳ್ಳಬೇಕು.

ಎಂಜಿನೇ ಬೆನ್ನೆಲುಬಾಗಿರುವ ಟ್ರ್ಯಾಕ್ಟರಿನಲ್ಲಿ ಎಂಜಿನ್ ಇಳಿಸುವುದೆಂದರೆ ಯಂತ್ರವನ್ನು ನಡುವಿನಲ್ಲಿ ಎರಡು ತುಂಡು ಮಾಡುವುದು. ಗೇರ್ ಬಾಕ್ಸಿಗೆ ಬಿಗಿದ ಬೋಲ್ಟುಗಳು ಬಿಚ್ಚಿದ ಗಳಿಗೆಯಲ್ಲಿ ಮುಂದಿನ ಅರ್ಧವೂ ಹಿಂದಿನ ಅರ್ಧವೂ ಎರಡೆರಡು ಚಕ್ರಗಳ ಮೇಲೆ ಉಳಿಯುತ್ತವೆ. ಎರಡೇ ಚಕ್ರದ ಮೇಲಿನ ಭಾರ ತಾನಾಗಿ ನಿಲ್ಲುವುದಿಲ್ಲ, ವಾಲುತ್ತದೆ. ಆದ್ದರಿಂದ ಮುಖ್ಯ ನಿಯಮ ಒಂದೇ: ಆಧಾರ ಮೊದಲು, ಸ್ಪ್ಯಾನರ್ ಆಮೇಲೆ. ಉಳಿದದ್ದೆಲ್ಲ ಈ ನಿಯಮದ ವಿವರಣೆ.

ನಿಜವಾಗಿಯೂ ಇಳಿಸಬೇಕೇ?

ಎಲ್ಲ ಕಾಯಿಲೆಗೂ ಆಪರೇಷನ್ ಬೇಡ. ಯಂತ್ರಕ್ಕೂ ಅಷ್ಟೇ. ಕಪ್ಪು ಹೊಗೆ ಬಂದರೆ ಮೊದಲು ಏರ್ ಕ್ಲೀನರನ್ನೂ ನಾಝಲನ್ನೂ ನೋಡಬೇಕು. ಎರಡನ್ನೂ ಎಂಜಿನ್ ಕದಲಿಸದೆ ಸರಿಪಡಿಸಬಹುದು. ಆಯಿಲ್ ಹಾಲು ಬೆರೆಸಿದ ಚಹಾದಂತೆ ಕಂಡರೆ ಅದಕ್ಕೆ ನೀರು ಸೇರಿದೆ ಎಂದರ್ಥ. ಹೆಡ್ ಗ್ಯಾಸ್ಕೆಟ್ ಹೋಗಿದ್ದರೆ ಅದನ್ನೂ ಟ್ರ್ಯಾಕ್ಟರಿನ ಮೇಲೆಯೇ ಬದಲಿಸಬಹುದು. ನೀಲಿ ಹೊಗೆ ಬಂದು ಆಯಿಲ್ ಮಟ್ಟ ಇಳಿಯುತ್ತಿದ್ದರೆ ರಿಂಗ್ ಅಥವಾ ವಾಲ್ವಿನ ಕಡೆ ಸವೆದಿರಬಹುದು. ಕಂಪ್ರೆಷನ್ ಅಳೆದು ನೋಡಿದ ಮೇಲೆಯೇ ಮುಂದಿನ ಮಾತು.

ಕ್ಲಚ್ ಪ್ಲೇಟ್, ರಿಲೀಸ್ ಬೇರಿಂಗ್, ಫ್ಲೈವೀಲಿನ ಹಲ್ಲು, ಎಂಜಿನಿನ ಹಿಂಬದಿಯ ಆಯಿಲ್ ಸೀಲ್ ಇವುಗಳ ಕೆಲಸಕ್ಕೆ ಟ್ರ್ಯಾಕ್ಟರನ್ನು ನಡುವಿನಲ್ಲಿ ಬೇರ್ಪಡಿಸಿದರೆ ಸಾಕು, ಎಂಜಿನನ್ನು ಪೂರ್ತಿ ಹೊರಗೆ ಎತ್ತಬೇಕಾಗಿಲ್ಲ. ಕ್ರ್ಯಾಂಕ್ ಶಾಫ್ಟ್ ಗ್ರೈಂಡಿಂಗ್, ಬ್ಲಾಕ್ ಬೋರಿಂಗ್ ಮುಂತಾದ ಕೆಲಸಗಳಿಗೆ ಮಾತ್ರ ಎಂಜಿನ್ ಪೇಟೆಯ ವರ್ಕ್‌ಶಾಪಿಗೆ ಹೋಗಲೇಬೇಕು. ಯಾವ ಕಾರಣಕ್ಕೆ ಇಳಿಸುತ್ತಿದ್ದೇವೆ ಎಂಬುದಕ್ಕೆ ಸ್ಪಷ್ಟ ಉತ್ತರ ಸಿಗದೆ ಒಂದು ಬೋಲ್ಟನ್ನೂ ಬಿಚ್ಚಬಾರದು.

ಜಾಗ ಮತ್ತು ಸಲಕರಣೆ

ಸಮತಟ್ಟಾದ ಗಟ್ಟಿ ನೆಲ ಬೇಕು. ಅಡಿಕೆ ಒಣಗಿಸುವ ಸಿಮೆಂಟಿನ ಅಂಗಳ ಉತ್ತಮ. ಮಣ್ಣಿನ ಅಂಗಳವಾದರೆ ಜಾಕ್ ಮತ್ತು ಸ್ಟ್ಯಾಂಡುಗಳ ಅಡಿಯಲ್ಲಿ ದಪ್ಪ ಹಲಗೆ ಹಾಸಬೇಕು. ಮಳೆಗಾಲದಲ್ಲಿ ನೆಲ ಗಟ್ಟಿಯಾಗಿ ಕಂಡರೂ ಭಾರ ಬಿದ್ದಾಗ ಕುಸಿಯುತ್ತದೆ. ಕೆಲಸಕ್ಕೆ ಮೊದಲು ಟ್ರ್ಯಾಕ್ಟರನ್ನು ತೊಳೆದು ಒಣಗಿಸಬೇಕು. ಕೆಸರು ಹಿಡಿದ ಯಂತ್ರವನ್ನು ಬಿಚ್ಚಿದರೆ ಆ ಕೆಸರೇ ಎಂಜಿನಿನ ಹೊಟ್ಟೆಗೆ ಹೋಗುತ್ತದೆ.

ಬೇಕಾದವು ಇಷ್ಟು: ಒಂದು ಟನ್ ಎತ್ತಬಲ್ಲ ಚೈನ್ ಬ್ಲಾಕ್, ಅದನ್ನು ತೂಗಹಾಕಲು ಕಬ್ಬಿಣದ ಮುಕ್ಕಾಲಿ ಅಥವಾ ಗ್ಯಾರೇಜಿನ ಕ್ರೇನ್, ಕಬ್ಬಿಣದ ನಾಲ್ಕು ಸ್ಟ್ಯಾಂಡ್, ಒಂದು ಜಾಕ್, ಗಟ್ಟಿ ಮರದ ಬೆಣೆಗಳು, ಸ್ಪ್ಯಾನರ್ ಸೆಟ್, ಟಾರ್ಕ್ ರೆಂಚ್, ಎಣ್ಣೆ ಹಿಡಿಯುವ ಬೋಗುಣಿ, ಬೋಲ್ಟು ಹಾಕಿಡಲು ಡಬ್ಬಗಳು, ಗುರುತು ಚೀಟಿ, ಒಂದು ಪುಸ್ತಕ ಮತ್ತು ಪೆನ್ಸಿಲ್.

ಬೇಡವಾದುದನ್ನೂ ಹೇಳಿಬಿಡೋಣ. ನಮ್ಮ ಊರಿನಲ್ಲಿ ಕೈಗೆ ಮೊದಲು ಸಿಗುವುದು ಕೆಂಪುಕಲ್ಲು. ಮನೆ ಕಟ್ಟಲು ಅದು ಒಳ್ಳೆಯದು, ಟ್ರ್ಯಾಕ್ಟರಿನ ಅಡಿಗೆ ಕೊಡಲು ಅಲ್ಲ. ಒಂದೇ ಕಡೆ ಭಾರ ಬಿದ್ದರೆ ಅದು ಸೂಚನೆ ಕೊಡದೆ ಒಡೆಯುತ್ತದೆ. ಟೊಳ್ಳು ಸಿಮೆಂಟ್ ಬ್ಲಾಕೂ ಹಾಗೆಯೇ. ಎಂಜಿನನ್ನು ಗೇರು ಮರದ ಗೆಲ್ಲಿಗೋ ಹಟ್ಟಿಯ ಪಕ್ಕಾಸಿಗೋ ತೂಗಹಾಕಬಾರದು. ಮೂರು ಸಿಲಿಂಡರಿನ ಸಣ್ಣ ಎಂಜಿನ್ ಕೂಡ ನೂರು ಕಿಲೋ ಆಸುಪಾಸು ಅಥವಾ ಅದಕ್ಕಿಂತ ಹೆಚ್ಚು ತೂಗುತ್ತದೆ. ಅಂದರೆ 50 ಕಿಲೋದ ಎರಡು ಅಕ್ಕಿ ಮುಡಿಚೀಲಕ್ಕಿಂತ ಕಡಿಮೆಯಿಲ್ಲದ ಭಾರ ತಲೆಯ ಎತ್ತರದಲ್ಲಿ ತೂಗುತ್ತಿರುತ್ತದೆ. ತೆಂಗಿನ ನಾರಿನ ಹಗ್ಗ, ಬಾವಿಯ ಹಳೆ ನೈಲಾನ್ ಹಗ್ಗ ಇದಕ್ಕೆ ಸಲ್ಲ.

ಬಿಚ್ಚುವ ಕ್ರಮ

1. ರೋಟವೇಟರ್ ಮುಂತಾದ ಸಲಕರಣೆಗಳನ್ನು ಕಳಚಿಡಬೇಕು. ಹಿಂದಿನ ಚಕ್ರಗಳಿಗೆ ಮುಂದೆಯೂ ಹಿಂದೆಯೂ ಬೆಣೆ ಕೊಡಬೇಕು. ಎಂಜಿನ್ ಪೂರ್ತಿ ತಣ್ಣಗಾಗಿರಬೇಕು.

2. ಬ್ಯಾಟರಿಯ ನೆಗೆಟಿವ್ ತಂತಿಯನ್ನು ಮೊದಲು ಬಿಚ್ಚಿ, ಬಳಿಕ ಪಾಸಿಟಿವ್ ಬಿಚ್ಚಿ, ಬ್ಯಾಟರಿಯನ್ನು ದೂರ ಇಡಬೇಕು. ಮರಳಿ ಜೋಡಿಸುವಾಗ ನೆಗೆಟಿವ್ ಕೊನೆಗೆ.

3. ರೇಡಿಯೇಟರಿನ ನೀರು ಮತ್ತು ಎಂಜಿನಿನ ಆಯಿಲ್ ಇಳಿಸಬೇಕು. ಬಾನೆಟ್, ಸೈಲೆನ್ಸರ್, ಏರ್ ಕ್ಲೀನರ್ ತೆಗೆದು, ಹೋಸುಗಳನ್ನು ಬಿಚ್ಚಿ ರೇಡಿಯೇಟರನ್ನು ಹೊರಗೆ ತೆಗೆಯಬೇಕು. ಅದರ ತೆಳುವಾದ ಪದರಗಳಿಗೆ ಏಟು ಬೀಳದ ಹಾಗೆ ಗೋಣಿಯ ಮೇಲೆ ನಿಲ್ಲಿಸಿಡಿ.

4. ಡೀಸೆಲ್ ಕಾಕ್ ಮುಚ್ಚಿ ಪೈಪುಗಳನ್ನು ಬಿಚ್ಚಿದ ಕೂಡಲೇ ಪಂಪಿನ ಮತ್ತು ನಾಝಲಿನ ಬಾಯಿಗಳಿಗೆ ಶುದ್ಧ ಪ್ಲಾಸ್ಟಿಕ್ ಮುಚ್ಚಳ ಹಾಕಬೇಕು. ಬಟ್ಟೆಯ ಚೂರು ತುರುಕಬಾರದು. ಅದರ ಒಂದು ನೂಲು ಸಾಕು, ನಾಝಲ್ ಕೆಡಲು.

5. ಸೆಲ್ಫ್ ಮೋಟಾರು, ಡೈನಮೋ, ಹೀಟರ್ ಪ್ಲಗ್, ಆಯಿಲ್ ಪ್ರೆಷರ್ ಮತ್ತು ನೀರಿನ ಬಿಸಿಯನ್ನು ತೋರಿಸುವ ಮೀಟರುಗಳ ತಂತಿಗಳಿಗೆ ಒಂದೊಂದಾಗಿ ಚೀಟಿ ಕಟ್ಟಿ ಬಿಚ್ಚಬೇಕು. ಆಕ್ಸಿಲರೇಟರ್ ರಾಡ್ ಮತ್ತು ಎಂಜಿನ್ ನಿಲ್ಲಿಸುವ ವಯರನ್ನೂ ಕಳಚಬೇಕು.

6. ಹಲವು ಟ್ರ್ಯಾಕ್ಟರುಗಳಲ್ಲಿ ಹೈಡ್ರಾಲಿಕ್ ಪಂಪ್ ಎಂಜಿನಿಗೆ ಜೋಡಿಸಿರುತ್ತದೆ. ಅದಕ್ಕೆ ಎಣ್ಣೆ ಬರುವುದು ಗೇರ್ ಬಾಕ್ಸಿನಿಂದ. ಆ ಪೈಪ್ ಬಿಚ್ಚುವ ಮೊದಲು ಗೇರ್ ಬಾಕ್ಸಿನ ಎಣ್ಣೆ ಇಳಿಸದಿದ್ದರೆ ಅಂಗಳವೆಲ್ಲ ಎಣ್ಣೆಯಾಗುತ್ತದೆ. ಕಾಲು ಜಾರುವುದೂ ಅಲ್ಲಿಯೇ.

7. ಸ್ಟೇರಿಂಗಿನಿಂದ ಮುಂದಿನ ಚಕ್ರಕ್ಕೆ ಹೋಗುವ ರಾಡನ್ನು ಕಳಚಬೇಕು. ನಾಲ್ಕು ಚಕ್ರಕ್ಕೂ ಶಕ್ತಿ ಹೋಗುವ ಟ್ರ್ಯಾಕ್ಟರಾದರೆ ಗೇರ್ ಬಾಕ್ಸಿನಿಂದ ಮುಂದಿನ ಆಕ್ಸಲಿಗೆ ಎಂಜಿನಿನ ಅಡಿಯಲ್ಲಿ ಒಂದು ಶಾಫ್ಟ್ ಇರುತ್ತದೆ. ಅದನ್ನು ಮರೆತು ಎರಡು ಅರ್ಧಗಳನ್ನು ಎಳೆದರೆ ಶಾಫ್ಟ್ ಬಾಗುತ್ತದೆ.

ಪ್ರತಿಯೊಂದು ಭಾಗದ ಬೋಲ್ಟುಗಳನ್ನು ಬೇರೆ ಬೇರೆ ಡಬ್ಬದಲ್ಲಿಡಬೇಕು. ಯಾವುದು ಎಲ್ಲಿತ್ತು, ಎಷ್ಟು ಉದ್ದವಿತ್ತು ಎಂದು ಪುಸ್ತಕದಲ್ಲಿ ಬರೆಯಬೇಕು. ಗಿಡ್ಡ ಬೋಲ್ಟಿನ ಜಾಗಕ್ಕೆ ಉದ್ದದ್ದು ಹೋದರೆ ಎರಕದ ಪೆಟ್ಟಿಗೆ ಸೀಳಬಹುದು. ಶಾಲೆಗೆ ಹೋಗುವ ಮಕ್ಕಳಿದ್ದರೆ ದೂರದಲ್ಲಿ ಕುಳಿತು ಬರೆಯುವ ಕೆಲಸವನ್ನು ಅವರಿಗೆ ಕೊಡಿ. ಅದೂ ಒಂದು ಪಾಠ.

ಬೆಣೆ ಎಲ್ಲಿ, ಆಧಾರ ಎಲ್ಲಿ?

ಗಮನವಿಟ್ಟು ಓದಬೇಕಾದ ಭಾಗ ಇದು. ಟ್ರ್ಯಾಕ್ಟರಿನ ಮುಂದಿನ ಆಕ್ಸಲ್ ತಕ್ಕಡಿಯ ದಂಡಿಗೆಯ ಹಾಗೆ ನಡುವಿನ ಒಂದೇ ಪಿನ್ನಿನ ಮೇಲೆ ತೂಗುತ್ತಿರುತ್ತದೆ. ಏರುತಗ್ಗಿನ ನೆಲದಲ್ಲಿ ನಾಲ್ಕೂ ಚಕ್ರ ನೆಲ ಹಿಡಿಯಲೆಂದು ಹಾಗೆ ಮಾಡಿದ್ದಾರೆ. ಯಂತ್ರ ಒಂದಾಗಿರುವ ತನಕ ಹಿಂದಿನ ದೊಡ್ಡ ಚಕ್ರಗಳು ಅದನ್ನು ನೆಟ್ಟಗೆ ನಿಲ್ಲಿಸುತ್ತವೆ. ನಡುವಿನಲ್ಲಿ ಬೇರ್ಪಡಿಸಿದ ಮೇಲೆ ಮುಂದಿನ ಅರ್ಧವನ್ನು ನೆಟ್ಟಗೆ ಹಿಡಿಯುವುದು ಏನೂ ಇಲ್ಲ. ಎಂಜಿನ್ ಆ ಪಿನ್ನಿನ ಮೇಲೆ ಎಡಕ್ಕೋ ಬಲಕ್ಕೋ ಮಗುಚುತ್ತದೆ. ಪಕ್ಕದಲ್ಲಿ ಕುಳಿತು ಸ್ಪ್ಯಾನರ್ ತಿರುಗಿಸುವವನಿಗೆ ಹಿಂದೆ ಸರಿಯಲು ಸಮಯ ಸಿಗುವುದಿಲ್ಲ.

ಆದ್ದರಿಂದ ಬೋಲ್ಟ್ ಬಿಚ್ಚುವ ಮೊದಲೇ ಆಕ್ಸಲಿಗೂ ಅದನ್ನು ಹಿಡಿದಿರುವ ಬ್ರಾಕೆಟಿಗೂ ನಡುವೆ, ಎಡಕ್ಕೊಂದು ಬಲಕ್ಕೊಂದು, ಗಟ್ಟಿ ಮರದ ಬೆಣೆ ಹೊಡೆದು ಕೂರಿಸಬೇಕು. ಅವು ಕಳಚಿ ಬೀಳದಂತೆ ತಂತಿಯಲ್ಲಿ ಕಟ್ಟಬೇಕು. ಎಂಜಿನಿನ ಹಿಂಬದಿಯ ಗಟ್ಟಿ ಎರಕದ ಭಾಗದ ಅಡಿಗೂ ಸ್ಟ್ಯಾಂಡ್ ಕೊಡಬೇಕು. ತಗಡಿನ ಆಯಿಲ್ ತೊಟ್ಟಿಯ ಅಡಿಗೆ ಕೊಟ್ಟರೆ ಅದು ನಜ್ಜುಗುಜ್ಜಾಗುತ್ತದೆ, ಭಾರವೂ ನಿಲ್ಲುವುದಿಲ್ಲ. ಹಿಂದಿನ ಅರ್ಧದ ಮೂತಿ ಕೆಳಗೆ ಕುಸಿಯದಂತೆ ಗೇರ್ ಬಾಕ್ಸಿನ ಮುಂಭಾಗದ ಅಡಿಯಲ್ಲಿ ಎರಡು ಸ್ಟ್ಯಾಂಡ್ ಇಡಬೇಕು. ಜಾಕ್ ಇರುವುದು ಎತ್ತಲಿಕ್ಕೆ ಮಾತ್ರ, ಹೊತ್ತು ನಿಲ್ಲಲಿಕ್ಕೆ ಅಲ್ಲ. ಅದರ ಒಳಗಿನ ಸೀಲ್ ಯಾವಾಗ ಸೋರಿ ಇಳಿಯುತ್ತದೆಂದು ಹೇಳಲಾಗದು.

ಬೇರ್ಪಡಿಸುವುದು, ಎತ್ತುವುದು

ಎಂಜಿನಿಗೂ ಗೇರ್ ಬಾಕ್ಸಿಗೂ ನಡುವಿನ ಬೋಲ್ಟುಗಳಲ್ಲಿ ಎರಡನ್ನು ಕೊನೆಗೆ ಉಳಿಸಿ ಮಿಕ್ಕವನ್ನು ಬಿಚ್ಚಬೇಕು. ಬಿಚ್ಚಿದ ಎರಡು ತೂತುಗಳಲ್ಲಿ, ಎದುರುಬದುರಾಗಿ, ತಲೆ ಕತ್ತರಿಸಿದ ಉದ್ದನೆಯ ಬೋಲ್ಟುಗಳನ್ನು ದಾರಿ ತೋರುವ ಗೂಟಗಳಂತೆ ಹಾಕಿಕೊಳ್ಳುವುದು ಒಳ್ಳೆಯದು. ಆ ಮೇಲೆ ಉಳಿದೆರಡನ್ನು ಬಿಚ್ಚಿ, ಎರಡೂ ಅರ್ಧಗಳ ಎತ್ತರ ಒಂದೇ ಇದೆಯೇ ಎಂದು ನೋಡಿ, ನಿಧಾನವಾಗಿ ನೇರಕ್ಕೆ ಸರಿಸಬೇಕು. ಎಂಜಿನಿನ ಭಾರ ಗೇರ್ ಬಾಕ್ಸಿನ ಶಾಫ್ಟಿನ ಮೇಲೆ ತೂಗಬಾರದು. ತೂಗಿದರೆ ಕ್ಲಚ್ ಪ್ಲೇಟಿನ ನಡುಭಾಗ ಬಾಗುತ್ತದೆ. ಎರಡು ಮುಖಗಳ ನಡುವೆ ಉಳಿ, ಸ್ಕ್ರೂ ಡ್ರೈವರ್ ತೂರಿಸಿ ಮೀಟಬಾರದು. ಬರುತ್ತಿಲ್ಲವೆಂದರೆ ಎಲ್ಲೋ ಒಂದು ಬೋಲ್ಟ್ ಉಳಿದಿದೆ ಎಂದು ತಿಳಿದು ಹುಡುಕಬೇಕು.

ಎಂಜಿನನ್ನು ಪೂರ್ತಿ ತೆಗೆಯಬೇಕಾದರೆ ಅದಕ್ಕೆಂದೇ ಮಾಡಿಟ್ಟ ಕೊಕ್ಕೆಯ ಕಿವಿಗಳಿಗೆ ಚೈನ್ ಹಾಕಬೇಕು. ನಾಝಲ್ ಪೈಪಿಗೋ ಸೈಲೆನ್ಸರ್ ಜೋಡಿಸುವ ಭಾಗಕ್ಕೋ ಹಾಕಬಾರದು. ಚೈನ್ ಬಿಗಿಯಾಗಿ ಭಾರ ಹಿಡಿದ ಮೇಲೆಯೇ ಮುಂದಿನ ಆಕ್ಸಲಿನ ಬ್ರಾಕೆಟ್ ಬಿಚ್ಚಬೇಕು. ಆ ಬ್ರಾಕೆಟಿಗೂ ಬೇರೆ ಆಧಾರ ಬೇಕು. ನಾಲ್ಕು ಬೆರಳಿನಷ್ಟು ಎತ್ತಿ, ನಿಲ್ಲಿಸಿ, ಸುತ್ತ ನೋಡಿ, ಮತ್ತೆ ಎತ್ತಬೇಕು. ಎತ್ತಿದ ಎಂಜಿನನ್ನು ತೂಗುವ ಸ್ಥಿತಿಯಲ್ಲಿ ಬಿಡದೆ ಕೂಡಲೇ ಮರದ ಚೌಕಟ್ಟಿನ ಮೇಲೆ ಇಳಿಸಬೇಕು.

ಈ ಹೊತ್ತಿನಲ್ಲಿ ಆಜ್ಞೆ ಕೊಡುವವರು ಒಬ್ಬರೇ ಇರಬೇಕು. "ಎತ್ತು", "ಇಳಿಸು" ಎಂದು ನಾಲ್ಕು ಬಾಯಿ ಕೂಗಿದರೆ ಅನಾಹುತ ತಪ್ಪದು. ಆದರೆ "ನಿಲ್ಲು" ಎನ್ನುವ ಅಧಿಕಾರ ಎಲ್ಲರಿಗೂ ಇರಲಿ, ಅಡುಗೆ ಕೋಣೆಯ ಬಾಗಿಲಲ್ಲಿ ನಿಂತು ನೋಡುವ ಅಮ್ಮನಿಗೂ ಇರಲಿ. ತೂಗುವ ಭಾರದ ಅಡಿಯಲ್ಲಿ ಕೈ, ಕಾಲು, ತಲೆ ಯಾವುದೂ ಹೋಗಬಾರದು. ಭಾರ ಜಾರಿದರೆ ಹಿಡಿಯಲು ಹೋಗದೆ ದೂರ ಹಾರಬೇಕು. ಒಡೆದ ಎರಕಕ್ಕೆ ಬದಲಿ ಸಿಗುತ್ತದೆ, ಕೈಗೆ ಸಿಗದು.

ಎಂಜಿನ್ ಹೊರಗಿರುವಾಗ

ಇಷ್ಟು ಕಷ್ಟಪಟ್ಟು ಬಿಚ್ಚಿದ ಮೇಲೆ ಸಣ್ಣ ಖರ್ಚಿಗೆ ಹಿಂದೆ ಮುಂದೆ ನೋಡಬಾರದು. ಹಿಂಬದಿಯ ಆಯಿಲ್ ಸೀಲ್, ಫ್ಲೈವೀಲಿನ ನಡುವಿನ ಪೈಲಟ್ ಬೇರಿಂಗ್, ರಿಲೀಸ್ ಬೇರಿಂಗ್, ಕ್ಲಚ್ ಪ್ಲೇಟ್, ನೀರಿನ ಹೋಸುಗಳು ಇವನ್ನೆಲ್ಲ ಪರೀಕ್ಷಿಸಿ, ಸಂಶಯವಿದ್ದರೆ ಬದಲಿಸಬೇಕು. ಅಗ್ಗದ ಒಂದು ಸೀಲಿಗಾಗಿ ಮತ್ತೊಮ್ಮೆ ಟ್ರ್ಯಾಕ್ಟರನ್ನು ತುಂಡು ಮಾಡುವುದು ಬುದ್ಧಿವಂತಿಕೆಯಲ್ಲ. ಕ್ಲಚ್ ಪ್ಲೇಟಿನ ಯಾವ ಮುಖ ಫ್ಲೈವೀಲಿನ ಕಡೆಗಿತ್ತು ಎಂದು ತೆಗೆಯುವಾಗಲೇ ಗುರುತು ಹಾಕಬೇಕು. ಗೇರ್ ಬಾಕ್ಸಿನ ತೆರೆದ ಬಾಯಿಯನ್ನು ಶುದ್ಧ ಪ್ಲಾಸ್ಟಿಕಿನಿಂದ ಮುಚ್ಚಿಡಬೇಕು.

ಮರಳಿ ಕೂಡಿಸುವುದು

ಕ್ಲಚ್ ಪ್ಲೇಟನ್ನು ಸರಿಯಾಗಿ ನಡುವಿಗೆ ಕೂರಿಸಲು ಗೇರ್ ಬಾಕ್ಸಿನ ಶಾಫ್ಟಿನದೇ ಅಳತೆಯ ತುಂಡೊಂದು ಬೇಕು. ಆಮೇಲೆ ಎರಡು ಅರ್ಧಗಳನ್ನು ಒಂದೇ ಎತ್ತರಕ್ಕೆ ತಂದು ಹತ್ತಿರ ಸರಿಸುತ್ತ, ಫ್ಲೈವೀಲನ್ನು ಕೈಯಿಂದ ಸ್ವಲ್ಪ ಸ್ವಲ್ಪ ತಿರುಗಿಸಬೇಕು. ಶಾಫ್ಟಿನ ಹಲ್ಲುಗಳು ಪ್ಲೇಟಿನ ಹಲ್ಲಿಗೆ ಕೂತಾಗ ಎರಡೂ ಮುಖಗಳು ಕೈಬಲದಲ್ಲಿಯೇ ಕೂಡುತ್ತವೆ. ಇನ್ನೂ ಕಾಲಂಗುಲ ಸಂದು ಉಳಿದಿದ್ದರೆ "ಬೋಲ್ಟ್ ಬಿಗಿದರೆ ಬರುತ್ತದೆ" ಎನ್ನುವವರ ಮಾತು ಕೇಳಬಾರದು. ಹಾಗೆ ಬಿಗಿದರೆ ಎರಕದ ಕಿವಿ ಒಡೆಯುತ್ತದೆ ಇಲ್ಲವೇ ಹೊಸ ಕ್ಲಚ್ ಪ್ಲೇಟ್ ಹಾಳಾಗುತ್ತದೆ. ಹಿಂದಕ್ಕೆ ಸರಿಸಿ, ಎತ್ತರ ನೋಡಿ, ಮತ್ತೆ ಪ್ರಯತ್ನಿಸಬೇಕು.

ಬೋಲ್ಟುಗಳನ್ನು ಎದುರುಬದುರಾಗಿ, ಎರಡು ಮೂರು ಸುತ್ತಿನಲ್ಲಿ, ಕಂಪನಿಯ ಪುಸ್ತಕದಲ್ಲಿ ಕೊಟ್ಟ ಅಳತೆಗೆ ಟಾರ್ಕ್ ರೆಂಚಿನಿಂದ ಬಿಗಿಯಬೇಕು. ಎಲ್ಲ ಬೋಲ್ಟೂ ಬಿಗಿದ ಮೇಲೆಯೇ ಬೆಣೆ, ಸ್ಟ್ಯಾಂಡ್ ತೆಗೆಯಬೇಕು. ಬೆಣೆ ಆಕ್ಸಲಿನಲ್ಲಿಯೇ ಉಳಿಯದಿರಲಿ.

ಆಯಿಲ್, ನೀರು ತುಂಬಿಸಿ. ನಮ್ಮಲ್ಲಿ ಹಿಮ ಬೀಳದಿದ್ದರೂ ತುಕ್ಕು ಹಿಡಿಯದಂತೆ ನೀರಿಗೆ ಕೂಲೆಂಟ್ ಸೇರಿಸುವುದು ಉತ್ತಮ. ಡೀಸೆಲ್ ದಾರಿಯ ಗಾಳಿಯನ್ನು ಮೊದಲು ಫಿಲ್ಟರಿನಲ್ಲಿ, ಬಳಿಕ ಪಂಪಿನಲ್ಲಿ ತೆಗೆಯಬೇಕು. ಎಂಜಿನ್ ನಿಲ್ಲಿಸುವ ವಯರನ್ನು ಎಳೆದು ಹಿಡಿದು, ಸೆಲ್ಫನ್ನು ಹತ್ತು ಸೆಕೆಂಡಿನಂತೆ ಎರಡು ಮೂರು ಸಲ ತಿರುಗಿಸಿದರೆ ಬೇರಿಂಗುಗಳಿಗೆ ಎಣ್ಣೆ ತಲುಪುತ್ತದೆ. ಅನಂತರ ಸ್ಟಾರ್ಟ್ ಮಾಡಿ, ಕೂಡಲೇ ಆಯಿಲ್ ಪ್ರೆಷರ್ ನೋಡಿ, ಸೋರಿಕೆ ನೋಡಬೇಕು. ರಿಪೇರಿಯಾದ ಎಂಜಿನಿಗೆ ಮೊದಲ ದಿನಗಳಲ್ಲಿ ಹಗುರ ಕೆಲಸ ಕೊಟ್ಟು, ಸುಮಾರು 50 ಗಂಟೆಗಳ ದುಡಿಮೆಯ ಬಳಿಕ ಆಯಿಲ್ ಬದಲಿಸಬೇಕು.

ಆರೋಗ್ಯದ ಮಾತು

ಉಡುಪು: ಇಳಿಬಿದ್ದ ಮುಂಡು, ಹೆಗಲ ಬೈರಾಸು, ಕೈಯ ಉಂಗುರ ಇವುಗಳನ್ನು ಮನೆಯೊಳಗೆ ಬಿಟ್ಟು ಬರಬೇಕು. ಕಾಲಿಗೆ ಚಪ್ಪಲಿಯಲ್ಲ, ಗಟ್ಟಿ ಬೂಟು ಬೇಕು.

ಡೀಸೆಲ್ ಚಿಮ್ಮುವಿಕೆ: ನಾಝಲಿನಲ್ಲಿ ಡೀಸೆಲಿನ ಒತ್ತಡ 100 ಬಾರಿಗಿಂತ ಹೆಚ್ಚು. ಆ ಚಿಮ್ಮುವಿಕೆಗೆ ಬೆರಳು ಒಡ್ಡಿದರೆ ಡೀಸೆಲ್ ಚರ್ಮವನ್ನು ತೂರಿ ಒಳಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗುರುತು, ನೋವೂ ಮೊದಲು ಕಡಿಮೆ. ಆದರೆ ತಡಮಾಡಿದರೆ ಬೆರಳನ್ನೇ ಕಳೆದುಕೊಳ್ಳಬೇಕಾದೀತು. ಕೂಡಲೇ ಶಸ್ತ್ರಚಿಕಿತ್ಸೆಯ ಸೌಕರ್ಯವಿರುವ ಆಸ್ಪತ್ರೆಗೆ ಹೋಗಿ, "ಒತ್ತಡದ ಡೀಸೆಲ್ ಒಳಗೆ ಹೋಗಿದೆ" ಎಂದು ಸ್ಪಷ್ಟವಾಗಿ ಹೇಳಬೇಕು. ಸೋರಿಕೆಯನ್ನು ರಟ್ಟಿನ ತುಂಡು ಹಿಡಿದು ಹುಡುಕಬೇಕು, ಕೈಯಿಂದಲ್ಲ.

ಬ್ಯಾಟರಿ ಆಸಿಡ್: ಚರ್ಮಕ್ಕೆ ಅಥವಾ ಕಣ್ಣಿಗೆ ಬಿದ್ದರೆ ಹರಿಯುವ ನೀರಿನಲ್ಲಿ ಕಾಲು ಗಂಟೆಗೂ ಹೆಚ್ಚು ತೊಳೆಯಬೇಕು. ಕಣ್ಣಿಗಾದರೆ ಬಳಿಕ ವೈದ್ಯರಿಗೆ ತೋರಿಸಲೇಬೇಕು. ಬ್ಯಾಟರಿಯ ಹತ್ತಿರ ಬೀಡಿ ಹಚ್ಚಬಾರದು.

ಕ್ಲಚ್ಚಿನ ಧೂಳು: ಹಳೆ ಕ್ಲಚ್ ಪ್ಲೇಟುಗಳಲ್ಲಿ ಕಲ್ನಾರು ಇರಬಹುದು. ಅದರ ಧೂಳು ಶ್ವಾಸಕೋಶಕ್ಕೆ ಕೆಡುಕು. ಗಾಳಿ ಹೊಡೆದು ಹಾರಿಸದೆ ಒದ್ದೆ ಬಟ್ಟೆಯಿಂದ ಒರಸಿ ತೆಗೆಯಬೇಕು.

ಹೊಗೆ: ಮುಚ್ಚಿದ ಶೆಡ್ಡಿನೊಳಗೆ ಎಂಜಿನ್ ಸ್ಟಾರ್ಟ್ ಮಾಡಿ ನೋಡಬಾರದು. ಹೊಗೆಯಲ್ಲಿರುವ ವಿಷಾನಿಲ ಮೂಗಿಗೆ ತಿಳಿಯದೆ ಪ್ರಾಣ ತೆಗೆಯಬಲ್ಲದು.

ಹಳೆ ಆಯಿಲ್: ಮೈಗೆ ತಾಗಿದರೆ ಸಾಬೂನಿನಿಂದ ತೊಳೆಯಬೇಕು, ಪೆಟ್ರೋಲಿನಿಂದಲ್ಲ. ತೋಡಿಗೂ ಬಾವಿಯ ಬಳಿಗೂ ಚೆಲ್ಲಬಾರದು. ಡಬ್ಬದಲ್ಲಿ ತುಂಬಿಸಿ, ಹಳೆ ಆಯಿಲ್ ಕೊಳ್ಳುವ ಗ್ಯಾರೇಜಿಗೆ ಕೊಡಬೇಕು.

ಭಾರದಡಿ ಸಿಕ್ಕಿದರೆ: ಮನುಷ್ಯನನ್ನು ಎಳೆಯಬಾರದು, ಜಾಕಿನಿಂದ ಭಾರವನ್ನು ಎತ್ತಿ ಆಧಾರ ಕೊಡಬೇಕು. ರಕ್ತ ಹರಿಯುತ್ತಿದ್ದರೆ ಶುದ್ಧ ಬಟ್ಟೆಯಿಂದ ಒತ್ತಿ ಹಿಡಿಯಬೇಕು. ಎಣ್ಣೆ ತಿಕ್ಕುವುದು, ನೀವುವುದು ಬೇಡ. ಹೊರಗೆ ಗಾಯ ಕಾಣದಿದ್ದರೂ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಒಯ್ಯಬೇಕು.

ಕೊನೆಯದಾಗಿ ಒಂದು ಸಲಹೆ. ಚೈನ್ ಬ್ಲಾಕ್, ಮುಕ್ಕಾಲಿ, ಸ್ಟ್ಯಾಂಡ್, ಟಾರ್ಕ್ ರೆಂಚ್ ಇವು ಒಂದೇ ಮನೆಗೆ ದಿನವೂ ಬೇಕಾಗುವ ವಸ್ತುಗಳಲ್ಲ. ಬೆಲೆ ಹೆಚ್ಚಾಯಿತೆಂದು ಒಬ್ಬೊಬ್ಬರೂ ಕೆಂಪುಕಲ್ಲು, ಹಗ್ಗಗಳಲ್ಲಿ ಕೆಲಸ ಸುಧಾರಿಸುವುದಕ್ಕಿಂತ ವಾರ್ಡಿನ ಐದಾರು ಮನೆಗಳವರೋ ಸ್ವಸಹಾಯ ಸಂಘದವರೋ ಸೇರಿ ಒಂದು ಸೆಟ್ ಕೊಂಡರೆ ಎಲ್ಲರಿಗೂ ಒದಗುತ್ತದೆ. ಏಣೆಲು ನಾಟಿ ಮುಗಿದು ಯಂತ್ರಕ್ಕೆ ಬಿಡುವು ಸಿಕ್ಕಾಗ, ಮಾಡಿನ ಅಡಿಯಲ್ಲಿ, ಹಗಲು ಬೆಳಕಿನಲ್ಲಿ, ಅವಸರವಿಲ್ಲದೆ ಈ ಕೆಲಸಕ್ಕೆ ಕೈ ಹಾಕೋಣ. ಕೈ ಕೊಡಲು ಬಂದ ನೆರೆಯವರು ಸಂಜೆ ಚಹಾ ಕುಡಿದು, ಬಂದ ಹಾಗೆಯೇ ಮನೆಗೆ ಮರಳುವಂತೆ ನೋಡಿಕೊಳ್ಳುವುದು ಯಜಮಾನನ ಮೊದಲ ಜವಾಬ್ದಾರಿ.